ಆಪರೇಟರ್ ಕತ್ತರಿಸಿದ ಆರು ಅಡಿ

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕೂತಿರುವ ಅತ್ತಿಗೆಯವರಿಗೆ, ಅವರ ಮಗಳಿಗೆ — ಯಾವ ಬಾಯಲ್ಲಿ ಸಮಾಧಾನ ಹೇಳಲಿ, ತಿಳಿಯುತ್ತಿಲ್ಲ. ಇಪ್ಪತ್ತೊಂಬತ್ತು ವರ್ಷ ಟಿಕೆಟ್ ಕಿಟಕಿಯ ಹಿಂದೆ ಕೂತವಳು ನಾನು. ಅಂಗೈಯಗಲದ ಕಿಂಡಿಯಿಂದ ಒಬ್ಬೊಬ್ಬರ ಜೊತೆ ಮಾತಾಡಿ ಅಭ್ಯಾಸ. ಇಷ್ಟು ಮುಖ ಒಟ್ಟಿಗೆ ನೋಡಿದವಳಲ್ಲ. ಸ್ವಲ್ಪ ತಡವರಿಸಿದರೆ ಕ್ಷಮಿಸಿ.

ನಮ್ಮನ್ನು ಅಗಲಿದವರನ್ನು ಚಿತ್ರಮಂದಿರದವರೆಲ್ಲ ‘ಕ್ಯಾಬಿನ್ ಅಣ್ಣ’ ಎನ್ನುತ್ತಿದ್ದೆವು. ಮೇಲಿನ ಪ್ರೊಜೆಕ್ಟರ್ ಕೋಣೆಯಿಂದ ಅವರು ಕೆಳಗಿಳಿಯುತ್ತಿದ್ದುದೇ ಅಪರೂಪ. ಒಮ್ಮೆ ಮ್ಯಾನೇಜರು, “ಏನಪ್ಪಾ, ಕೆಳಗೂ ಜನ ಇದ್ದಾರೆ,” ಅಂದರೆ, “ಗೊತ್ತು ಸಾರ್, ಮೇಲಿಂದ ತಲೆ ಕಾಣ್ಸುತ್ತೆ,” ಅಂದಿದ್ದರು. — ನಗಿ, ಪರವಾಗಿಲ್ಲ. ಅವರು ನಗಿಸಿದ್ದು ಅಷ್ಟೇ.

ಇವತ್ತು ಹೇಳಬೇಕಾದದ್ದು ಬೇರೆ. ಅತ್ತಿಗೆಯವರನ್ನು ಕೇಳಿಯೇ ಹೇಳುತ್ತಿದ್ದೇನೆ.

ನಲವತ್ತೊಂದು ವರ್ಷದ ಹಿಂದೆ ಊರ ಹೊರಗಿನ ಬಯಲಿನಲ್ಲಿ ಒಂದು ಭಾರಿ ಯುದ್ಧದ ಚಿತ್ರ ತೆಗೆದರು. ಹಿರಿಯರಿಗೆ ನೆನಪಿರಬಹುದು. ಸೈನಿಕರ ವೇಷಕ್ಕೆ ಎರಡು ಸಾವಿರ ಜನ ಬೇಕಾಗಿತ್ತು. ಕ್ಯಾಬಿನ್ ಅಣ್ಣ ಹೆಸರು ಕೊಟ್ಟಿದ್ದರು; ಇಪ್ಪತ್ತೆರಡರ ಪ್ರಾಯ. ಆದರೆ ಅದೇ ದಿನ ನಮ್ಮ ಚಿತ್ರಮಂದಿರದವರು ಆಪರೇಟರ್ ಕೆಲಸಕ್ಕೆ ಬಾ ಎಂದರು. ಇವರು ಇಲ್ಲಿಗೆ ಬಂದರು. ಇವರ ಹೆಸರಿನಲ್ಲಿ ಇವರ ಒಡಹುಟ್ಟಿದ ಅಣ್ಣ ಅಲ್ಲಿಗೆ ಹೋದರು. ಅತ್ತಿಗೆಯವರ ಯಜಮಾನರು. ಮಗಳಿಗೆ ಆಗ ಎಂಟು ತಿಂಗಳು.

ಮಧ್ಯಾಹ್ನ ಕೋಟೆ ಮುತ್ತುವ ದೃಶ್ಯ. ಮರದ ಗೋಪುರ ಉರುಳಬೇಕು, ಅಷ್ಟರಲ್ಲಿ ಎಲ್ಲರೂ ಓಡಿರಬೇಕು. ಗೋಪುರ ಉರುಳಿತು. ಅಣ್ಣ ಬದುಕಿ ಬರಲಿಲ್ಲ. ತಮ್ಮನಿಗೆ ಕೆಲಸ ಸಿಕ್ಕಿತು — ಅದೇ ದಿನ.

ವರ್ಷ ಕಳೆದು ಆ ಚಿತ್ರ ನಮ್ಮ ಚಿತ್ರಮಂದಿರಕ್ಕೇ ಬಂತು. ಓಡಿಸಬೇಕಾದವರು ಇವರೇ! ಬಿಡುಗಡೆಯ ಬೆಳಿಗ್ಗೆ ಖಾಲಿ ಹಾಲಿನಲ್ಲಿ ಒಬ್ಬರೇ ರೀಲು ಹಾಕಿ ನೋಡಿದರು. ಆ ದೃಶ್ಯವನ್ನು ಚಿತ್ರ ಮಾಡಿದವರು ಕತ್ತರಿಸದೆ ಹಾಗೇ ಉಳಿಸಿಕೊಂಡಿದ್ದರು. ಪರದೆಯ ಎಡ ಅಂಚಿನಲ್ಲಿ, ಇಲ್ಲಿ — ಇವರ ಅಣ್ಣ ಓಡುತ್ತಾ ಹೊರಗೆ ಬರುತ್ತಾರೆ. ಪೂರ್ತಿ ಹೊರಗೆ. ಬದುಕಿಕೊಂಡರು ಅನ್ನುವಷ್ಟು ಹೊರಗೆ. ಆಮೇಲೆ ನಿಲ್ಲುತ್ತಾರೆ. ತಿರುಗಿ ನೋಡುತ್ತಾರೆ. ಹಿಂದೆ ಯಾರೋ ಒಬ್ಬ ಮುಗ್ಗರಿಸಿ ಬಿದ್ದಿದ್ದಾನೆ. ಅವನನ್ನು ಎತ್ತಲು ಮರಳಿ ಹೋಗುತ್ತಾರೆ — ಧೂಳು.

ನಾಲ್ಕು ಸೆಕೆಂಡು. ಆರು ಅಡಿ ಫಿಲ್ಮು. ಕ್ಯಾಬಿನ್ ಅಣ್ಣ ಅದನ್ನು ಕತ್ತರಿಸಿ, ತುದಿಗೆ ತುದಿ ಅಂಟಿಸಿಬಿಟ್ಟರು. ನೂರ ಹನ್ನೆರಡು ದಿನ ಚಿತ್ರ ಓಡಿತು. ಗೋಪುರ ವಾಲುವುದು, ಒಂದು ಸಣ್ಣ ಟಪ್ ಸದ್ದು, ಧೂಳು. ಯಾರೂ ಕೇಳಲಿಲ್ಲ.

ಮನೆಯಲ್ಲಿ ಮಾತ್ರ ಅತ್ತಿಗೆ ಕೇಳುತ್ತಲೇ ಇದ್ದರು — “ಎಲ್ರೂ ಓಡಿದ್ರಲ್ಲ, ಅವರ್ಯಾಕೆ ಓಡ್ಲಿಲ್ಲ?” ಇವರು, “ಗೊತ್ತಾಗ್ಲಿಲ್ವೇನೋ ಅತ್ತಿಗೆ,” ಅನ್ನುತ್ತಿದ್ದರು. ಮದುವೆಯಾಗಲಿಲ್ಲ. ಅಣ್ಣನ ಮಗಳನ್ನು ಓದಿಸಿದರು, ಆ ಮನೆಯ ಹೊಣೆ ಹೊತ್ತರು. ಸುಳ್ಳನ್ನೂ ಹೊತ್ತರು.

ಆ ಚಿತ್ರ ಟಿವಿಯಲ್ಲಿ ಎಷ್ಟೋ ಸಲ ಬಂದಿದೆ. ಆದರೆ ಟಿವಿಯವರು ಎರಡೂ ಅಂಚು ಬಿಟ್ಟು ನಡುವಿನದನ್ನಷ್ಟೇ ತೋರಿಸುತ್ತಿದ್ದರು. ಸೈನಿಕರ ಮುಖವೋ ಸಾಸಿವೆ ಕಾಳಿನಷ್ಟು. ಹಾಗಾಗಿ ಗುಟ್ಟು ಉಳಿಯಿತು. ಕಳೆದ ತಿಂಗಳು ಚಿತ್ರವನ್ನು ಹೊಸದರಂತೆ ಶುಚಿಮಾಡಿ ಒಂದು ವಾರದ ಮಟ್ಟಿಗೆ ಮತ್ತೆ ಬಿಡುಗಡೆ ಮಾಡಿದರು. ಇಡೀ ಪರದೆಗೆ, ಅಂಚಿನಿಂದ ಅಂಚಿಗೆ.

ಮೊದಲ ದಿನ ಬೆಳಿಗ್ಗೆ ಕ್ಯಾಬಿನ್ ಅಣ್ಣ ನನ್ನ ಕಿಟಕಿಗೆ ಬಂದರು. ನಿವೃತ್ತರಾಗಿ ಮೂರು ವರ್ಷವಾಗಿತ್ತು. ಬೆವರುತ್ತಿದ್ದರು.

“ತಂಗಿ, ಮ್ಯಾಟಿನಿ ಹೌಸ್‌ಫುಲ್ ಅಂತ ಹೇಳಿಬಿಡಮ್ಮಾ ನಮ್ಮ ಹುಡುಗಿಗೆ. ಅಮ್ಮನ್ನ ಕರ್ಕೊಂಡು ಬರ್ತಾಳಂತೆ.”

“ಮೊಬೈಲಲ್ಲೇ ಸೀಟು ಹಿಡಿದಿದ್ದಾಳೆ ಅಣ್ಣ. ಮೂರು. ನಿಮಗೂ ಸೇರಿಸಿ.”

ಒಳಗೆ ಕರೆದು ನೀರು ಕೊಟ್ಟೆ. ಅಷ್ಟು ವರ್ಷ ಒಂದೇ ಸೂರಿನಡಿ ದುಡಿದರೂ ಬಾಯಿ ಬಿಡದಿದ್ದ ಮನುಷ್ಯ ಆಗ ಎಲ್ಲ ಹೇಳಿದರು. “ಈಗ ರೀಲೂ ಇಲ್ಲ, ಕತ್ತರಿಗೆ ಸಿಕ್ಕೋದೂ ಇಲ್ಲ,” ಅಂದರು.

ಮ್ಯಾಟಿನಿಗೆ ನಾನು ಹಾಲಿನ ಹಿಂಬಾಗಿಲ ಪಕ್ಕ ನಿಂತೆ. ಗೋಪುರ ವಾಲಿತು. ಎಡಗಡೆ ಒಬ್ಬ ಓಡಿಬಂದ. ಎರಡಾಳೆತ್ತರ, ನುಣುಪು ಮುಖ, ಬೆವರಿನ ಹನಿಯೂ ಕಾಣುವಷ್ಟು ಹತ್ತಿರ. ಅತ್ತಿಗೆ ಎದ್ದು ನಿಂತುಬಿಟ್ಟರು. “ಬಂದ್ರು! ನೋಡೇ, ಹೊರಗೆ ಬಂದ್ರು!” ಇಡೀ ಹಾಲು ತಿರುಗಿ ನೋಡಿತು. — ಪರದೆಯ ಮೇಲೆ ಅವರು ನಿಂತರು. ತಿರುಗಿದರು. ಮರಳಿ ಹೋದರು.

ಅತ್ತಿಗೆ ನಿಂತೇ ಇದ್ದರು. ಮಧ್ಯಂತರದ ದೀಪ ಹತ್ತಿದಾಗ ಮೈದುನನ ಕಡೆ ನೋಡಿದರು.

“ಯಾವಾಗಿಂದ ಗೊತ್ತು ನಿಂಗೆ?”

“ಪಿಚ್ಚರ್ ಬಂದ ಮೊದಲ್ನೇ ದಿನದಿಂದ, ಅತ್ತಿಗೆ.”

“ನಲವತ್ತೊಂದು ವರ್ಷ ಅವರನ್ನ ಬೈದಿದ್ದೀನಿ ಕಣೋ. ಓಡೋಕೂ ಬರದ ಪೆದ್ದ ಅಂತ.”

“ನಿಮ್ಮನ್ನ, ಕೂಸನ್ನ ಬಿಟ್ಟು ಇನ್ಯಾರಿಗೋ ಅಂತ ಹೋದ ಅಂದ್ರೆ, ನೀವು ತಡ್ಕೊಳ್ತಿರ್ಲಿಲ್ಲ ಅಂದ್ಕೊಂಡೆ.”

“ತಡ್ಕೊಳ್ಳೋದು ಬಿಡೋದು ನಂದಾಗಿತ್ತು.”

ಅಷ್ಟೇ. ಕ್ಷಮಿಸಿದೆ ಅನ್ನಲಿಲ್ಲ, ಇಲ್ಲ ಅನ್ನಲೂ ಇಲ್ಲ. ಮಾರನೆಯ ದಿನ ಇಬ್ಬರೂ ಮತ್ತೆ ಬಂದರು. ಅದರ ಮಾರನೆಯ ದಿನವೂ. ಪಕ್ಕಪಕ್ಕದಲ್ಲೇ ಕೂರುವುದು. ಆ ಹೊತ್ತು ಬಂದಾಗ ಅತ್ತಿಗೆ ಕಣ್ಣು ಮಿಟುಕಿಸುತ್ತಿರಲಿಲ್ಲ. ಇವರು ತಲೆ ತಗ್ಗಿಸುತ್ತಿದ್ದರು. ಏಳನೆಯ ದಿನ ಅತ್ತಿಗೆ ಕತ್ತಲಲ್ಲೇ, “ತಲೆ ಎತ್ತೋ. ನಾಳೆಯಿಂದ ಇರಲ್ಲ,” ಅಂದರು. ಇವರು ತಲೆ ಎತ್ತಿದರು.

ಕ್ಯಾಬಿನ್ ಅಣ್ಣ ಹೊರಗೆ ಬಂದು ನನ್ನ ಕಿಟಕಿಯ ಕಟ್ಟೆ ಹಿಡಿದು ನಿಂತರು. “ಅವನಿಗೆ ಇಪ್ಪತ್ತಾರು ಕಣಮ್ಮಾ. ಕನಸಲ್ಲಿ ಬಂದಾಗೆಲ್ಲ ದೊಡ್ಡವನ ಹಾಗೆ ಬರ್ತಿದ್ದ, ನಡುಗಿಬಿಡ್ತಿದ್ದೆ. ಇವತ್ತು ನೋಡಿದ್ರೆ ಮೀಸೆ ಕೂಡ ಸರಿಯಾಗಿ ಬಂದಿಲ್ಲ. ಹುಡುಗ. ಒಬ್ಬ ಹುಡುಗನಿಗೆ ಇಷ್ಟು ವರ್ಷ ಹೆದರಿದೆನಲ್ಲ.”

ಅಷ್ಟರಲ್ಲಿ ಅತ್ತಿಗೆ ಹಿಂದೆಯೇ ಬಂದು ಕೇಳಿದರು — “ಎತ್ತೋಕೆ ಹೋದ್ರಲ್ಲ, ಆ ಮನುಷ್ಯ ಉಳಿದ್ನಾ?”

ಯಾರಿಗೆ ಗೊತ್ತು? ಈ ಪ್ರಶ್ನೆ ನಮಗ್ಯಾರಿಗೂ ಹೊಳೆದೇ ಇರಲಿಲ್ಲ. ಕ್ಯಾಬಿನ್ ಅಣ್ಣ, “ಕೇಳ್ಕೊಂಡು ಬರ್ತೀನಿ ಅತ್ತಿಗೆ,” ಅಂದರು. ಮುಂದಿನ ಒಂಬತ್ತು ದಿನ, ಆ ಮಂಡಿನೋವಿನಲ್ಲಿ, ಅವತ್ತು ಬಯಲಿನಲ್ಲಿದ್ದವರನ್ನು ಹುಡುಕಿಕೊಂಡು ಮನೆ ಮನೆ ತಿರುಗಿದರು. ಒಬ್ಬರು ಉಳಿದ ಅಂದರು. ಇನ್ನೊಬ್ಬರು ಇಬ್ಬರೂ ಹೋದರು ಅಂದರು. ಮತ್ತೊಬ್ಬರಿಗೆ ಏನೂ ನೆನಪಿರಲಿಲ್ಲ, ಚಹಾ ಕೊಟ್ಟು ಕಳಿಸಿದರು. ಒಂಬತ್ತನೆಯ ಮಧ್ಯಾಹ್ನ ಇನ್ಯಾರದೋ ಮನೆಯ ಮೆಟ್ಟಿಲು ಹತ್ತುತ್ತಿದ್ದಾಗ ಎದೆ ಹಿಡಿದುಕೊಂಡು ಕೂತರು. ಕೂತವರು ಏಳಲಿಲ್ಲ.

ಇನ್ನು ಎಲ್ಲರೂ ಎದ್ದು ನಿಲ್ಲೋಣ, ಎರಡು ನಿಮಿಷ. ಅತ್ತಿಗೆ, ನೀವು ಕೂತಿರಿ, ಕಾಲು ನೋಯುತ್ತದೆ. — ಒಂದೇ ಬೇಡಿಕೆ. ಅವತ್ತು ಆ ಬಯಲಿನಲ್ಲಿದ್ದವರು ಇಲ್ಲಿ ಯಾರಾದರೂ ಇದ್ದರೆ, ಈ ಮೌನದಲ್ಲಿ ಸ್ವಲ್ಪ ನೆನಪು ಮಾಡಿಕೊಳ್ಳಿ. ಉಳಿದನೋ, ಇಲ್ಲವೋ. ಯಾವುದಾದರೂ ಸರಿ, ಹೋಗುವ ಮುಂಚೆ ಅತ್ತಿಗೆಯವರ ಹತ್ತಿರ ಬಂದು ಹೇಳಿ ಹೋಗಿ. ಅವರು ತಡೆದುಕೊಳ್ಳುತ್ತಾರೆ.