ಬಾಣದ ಮೂತಿ

ಮಾನ್ಯ ಅಧ್ಯಕ್ಷರಾದ ಐನಾರ್ ವೀಕ್ ಅವರೇ, ಮೀನು ಇಲಾಖೆಯಿಂದ ಬಂದು ಮುಂದಿನ ಸಾಲಿನಲ್ಲಿ ಕೂತಿರುವ ಶ್ರೀಮತಿ ಮ್ಯಾಕ್‌ಕ್ರೇ ಅವರೇ, ಟೋರ್ವಿಕ್ ಬಂದರಿನ ಬಲೆಗಾರರ ಸಂಘದ ಸದಸ್ಯರೇ, ಅವರ ಮನೆಯವರೇ, ಕಾಫಿ ಮತ್ತು ಕೇಕಿಗಾಗಿಯೇ ಬಂದವರೇ, ಎಲ್ಲ ಸಭಿಕರೇ,

ಮೊದಲು ನನ್ನದೊಂದು ತಕರಾರು. ಭಾಷಣವನ್ನು ಬರೆದುಕೊಂಡು ಬಂದು ಓದಬೇಕೆಂದು ಅಧ್ಯಕ್ಷರ ಕಟ್ಟಪ್ಪಣೆ. "ಹೆಲ್ವಿ ಅಕ್ಕ, ಬಾಯಿಗೆ ಬಂದಂಗೆ ಮಾತಾಡಕ್ಕೆ ಬಿಟ್ರೆ ನೀವು ಯಾರನ್ನಾದ್ರೂ ಬೈದೇ ಬೈತೀರಿ. ಒಂದು ಹಾಳೆ ಬರಕೊಂಡು ಬಂದ್ಬಿಡಿ, ಸಾಕು" ಎಂದರು. ಹದಿಮೂರನೇ ವಯಸ್ಸಿಗೆ ಶಾಲೆ ಬಿಟ್ಟು ಮೀನಿನ ಡಬ್ಬಿ ಕಾರ್ಖಾನೆ ಸೇರಿದವಳು ನಾನು. ಈಗ ಎಪ್ಪತ್ತೇಳು. ಬಲೆ ಹೆಣೆದು ಗಂಟುಗಂಟಾದ ಕೈಗೆ ಪೆನ್ನು ಕೊಟ್ಟರೆ ಏನಾಗುತ್ತದೆ? ನಾಲ್ಕು ದಿನ ಹಿಡಿಯಿತು. ಒಂದು ಹಾಳೆ ಹೋಗಿ ಆರು ಹಾಳೆಯಾಯಿತು. ಬೈಗುಳವೂ ಹಾಗೇ ಉಳಿದಿದೆ. ಬರೆಸಿದವರು ಅನುಭವಿಸಲಿ.

ನನಗೆ ಈ ದಿನ ಸನ್ಮಾನ ಏಕೆಂದು ಹಲಗೆಯ ಮೇಲೆ ಕೊರೆಸಿದ್ದಾರೆ: 'ಕಾಡು ಸ್ಟೀಲ್‌ಹೆಡ್ ಮೀನಿನ ರಕ್ಷಕಿ.' ಆ ಮಾತಿನ ಮೇಲೆಯೇ ನಾನು ಮಾತಾಡಬೇಕಾಗಿದೆ.

ಬಲೆ ಇಳಿಸುವವರಿಗೆ ಗೊತ್ತಿರುವುದನ್ನೇ ಮನೆಯವರಿಗೋಸ್ಕರ ಹೇಳುತ್ತೇನೆ. ನಾವು ಸ್ಕೀನಾ ನದಿಮುಖದಲ್ಲಿ ಹಿಡಿಯುವುದು ಕೆಂಪು ಸಾಲ್ಮನ್. ನಮ್ಮದು ಕಿವಿರುಬಲೆ. ಮೀನು ತಲೆ ತೂರಿಸುತ್ತದೆ, ಹಿಂದೆ ಬರಲು ಹೋದಾಗ ದಾರ ಕಿವಿರಿಗೆ ಸಿಕ್ಕಿಕೊಳ್ಳುತ್ತದೆ. ಬಲೆಗೆ ಸಾವಿರ ಸಾವಿರ ಕಣ್ಣು. ಆದರೆ ಯಾವ ಕಣ್ಣಿಗೂ ಇದು ಸಾಲ್ಮನ್, ಇದು ಸ್ಟೀಲ್‌ಹೆಡ್ ಎಂಬ ಗುರುತು ಹತ್ತುವುದಿಲ್ಲ. ಜುಲೈ ಕೊನೆಯಲ್ಲಿ, ಸಾಲ್ಮನ್ ದಂಡು ಬರುವ ಹೊತ್ತಿಗೇ ಸ್ಟೀಲ್‌ಹೆಡ್ ಕೂಡ ಅದೇ ನೀರಿನಲ್ಲಿ ಮೇಲಕ್ಕೆ ಹೊರಟಿರುತ್ತದೆ. ಸಾಲ್ಮನ್ ಲಕ್ಷಗಟ್ಟಲೆ. ಸ್ಟೀಲ್‌ಹೆಡ್ ಒಳ್ಳೆಯ ಕಾಲದಲ್ಲೂ ನದಿ ಸೇರುವ ಒಂದೊಂದು ಹಳ್ಳಕ್ಕೆ ನೂರೋ ಇನ್ನೂರೋ. ಸಾಲ್ಮನ್ ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ಸ್ಟೀಲ್‌ಹೆಡ್ ಬದುಕಿದರೆ ಕಡಲಿಗೆ ಮರಳಿ, ಇನ್ನೊಂದು ವರ್ಷ ಮತ್ತೆ ಅದೇ ಹಳ್ಳ ಹತ್ತುತ್ತದೆ. ಹಾಗಾಗಿ ಅದನ್ನು ಹಿಡಿದುಕೊಳ್ಳಬಾರದು, ಜೀವಂತ ಬಿಡಬೇಕು ಎಂದು ಕಾನೂನು ಬಂತು. ಬಿಡುವ ಮೊದಲು ಸುಧಾರಿಸಿಕೊಳ್ಳಲಿ ಎಂದು ಪ್ರತಿ ದೋಣಿಯಲ್ಲೂ ಒಂದು ಪೆಟ್ಟಿಗೆ ಇಡಬೇಕೆಂದೂ ಬಂತು. ಉದ್ದ, ಕಿರಿದಾದ ಗೂಡಿನ ಪೆಟ್ಟಿಗೆ. ಮೀನು ಒಳಗೆ ತಿರುಗಲಾರದು. ಒಂದು ತುದಿಯಿಂದ ಪಂಪಿನ ನೀರು ಬರುತ್ತದೆ, ಇನ್ನೊಂದು ತುದಿಯಿಂದ ಹೋಗುತ್ತದೆ.

ಆ ಪೆಟ್ಟಿಗೆಗಳನ್ನು ಮಾಡಿದವಳು ನಾನು. ನಲವತ್ತಾರು ದೋಣಿಗೆ ನಲವತ್ತಾರು ಪೆಟ್ಟಿಗೆ, ನನ್ನ ಕೊಟ್ಟಿಗೆಯಲ್ಲಿ, ಸೀಡರ್ ಹಲಗೆಯಲ್ಲಿ. ಹನ್ನೊಂದು ವರ್ಷವಾಯಿತು, ಒಂದೂ ಸೋರಿಲ್ಲ. ಇದನ್ನು ಜಂಬದಿಂದಲೇ ಹೇಳುತ್ತೇನೆ, ಏಕೆಂದರೆ ಜಂಬಪಡಬಹುದಾದದ್ದು ಇಷ್ಟೇ.

ನನ್ನ ಗಂಡ ತೋಯಿವೋ ಇರುವವರೆಗೆ ಇಲಾಖೆಯ ಕಾಗದಗಳನ್ನೆಲ್ಲ ಅವನೇ ಓದುತ್ತಿದ್ದ. ಓದಿ, ಅರ್ಧ ನುಂಗಿ, ಉಳಿದರ್ಧ ನನಗೆ ಹೇಳುತ್ತಿದ್ದ. ಅವನು ಹೋದ ಚಳಿಗಾಲದಲ್ಲೇ ಪೆಟ್ಟಿಗೆಯ ನಕ್ಷೆ ಬಂತು. ನನಗೆ ಓದಲು ಬರುವುದಿಲ್ಲ ಎಂದಲ್ಲ. ಸಂತೆಯ ಚೀಟಿ ಓದುತ್ತೇನೆ, ಹವಾಮಾನ ಓದುತ್ತೇನೆ, ಸಾವಿನ ಸುದ್ದಿ ಓದುತ್ತೇನೆ. ಆದರೆ ನಕ್ಷೆಯ ಅಡಿಯಲ್ಲಿ ಇರುವೆ ಸಾಲಿನ ಹಾಗಿದ್ದ ಆ ಸಣ್ಣಕ್ಷರ? ಯಾರನ್ನು ಕೇಳಲಿ? ಐನಾರನನ್ನೇ? ಕೇಳಿದ್ದರೆ ಸಂಜೆಯೊಳಗೆ ಬಂದರಿಗೆಲ್ಲ ಗೊತ್ತಾಗುತ್ತಿತ್ತು, ಹೆಲ್ವಿಗೆ ಅಕ್ಷರ ಬರಲ್ಲವಂತೆ ಎಂದು. ಇಲ್ಲಿ ಐನಾರ್ ಕೆಮ್ಮುತ್ತಾನೆ. ಕೆಮ್ಮಲಿ.

ನಕ್ಷೆಯಲ್ಲಿ ಒಂದು ಬಾಣವಿತ್ತು. ನಾವು ನಿಲ್ಲುವ ಕಡೆಯಿಂದ ಗೂಡಿನ ಒಳಕ್ಕೆ ಬಾಣ. ಮೀನನ್ನು ಹೀಗೆ ಒಳಗೆ ತಳ್ಳಬೇಕು, ತಲೆ ಮುಂದೆ, ಎಂದು ನಾನು ಅರ್ಥ ಮಾಡಿಕೊಂಡೆ. ಇನ್ನೇನು ಮಾಡಿಕೊಳ್ಳಬೇಕಿತ್ತು? ಐಸಿನ ಗೂಡಿನಲ್ಲಿ ನಾವು ಹುಟ್ಟಿದಾಗಿನಿಂದ ಪೇರಿಸುವುದು ಹಾಗೇ ಅಲ್ಲವೇ? ತಲೆ ಒಳಗೆ, ಬಾಲ ನಮ್ಮ ಕಡೆ, ಆಮೇಲೆ ಬಾಲ ಹಿಡಿದು ಎಳೆಯುವುದು ಸಲೀಸು. ಪ್ರತಿ ಪೆಟ್ಟಿಗೆಯ ಮುಚ್ಚಳದ ಮೇಲೂ ನಾನೇ ಕೆಂಪು ಬಣ್ಣದಲ್ಲಿ ಬಾಣ ಬರೆದೆ, ಬಾಣಕ್ಕೆ ಮೀನಿನ ಕಣ್ಣೊಂದನ್ನೂ ಇಟ್ಟೆ. ಚೆಂದ ಕಾಣಲಿ ಎಂದು.

ಆ ಬಾಣ ಮೀನಿನದಾಗಿರಲಿಲ್ಲ, ಸಭಿಕರೇ. ನೀರಿನದಾಗಿತ್ತು. ನೀರು ನಮ್ಮ ಕಡೆಯಿಂದ ಒಳಕ್ಕೆ ಹರಿಯುತ್ತಿತ್ತು. ಮೀನಿನ ಬಾಯಿ ನೀರಿಗೆ ಎದುರಾಗಿರಬೇಕಿತ್ತು. ನಾವು ಹನ್ನೊಂದು ವರ್ಷ ಅದರ ಬಾಲಕ್ಕೆ ನೀರು ಬಿಟ್ಟೆವು.

ಮೀನು ಬಾಯಿಂದ ನೀರು ಕುಡಿದು ಕಿವಿರಿನಿಂದ ಬಿಡುತ್ತದೆ ಎಂದು ನಿಮಗೆ ಗೊತ್ತಿರಲಿಲ್ಲವೇ? ಹೊಳೆಯಲ್ಲಿ ಮೀನು ಯಾವ ಕಡೆ ಮುಖ ಮಾಡಿ ನಿಲ್ಲುತ್ತದೆ ಎಂದು ನನಗೆ ಗೊತ್ತಿರಲಿಲ್ಲವೇ? ಅರವತ್ತು ವರ್ಷ ನೋಡಿದ್ದೇನೆ. ಹೊಳೆಯಲ್ಲಿ ಗೊತ್ತಿದ್ದದ್ದು ಪೆಟ್ಟಿಗೆಯ ಮುಂದೆ ಮರೆತುಹೋಯಿತು, ಏಕೆಂದರೆ ಪೆಟ್ಟಿಗೆಗೆ ಕಾಗದವಿತ್ತು.

ಒಬ್ಬನು ಹೇಳಿದ್ದ. ಡೆಲ್ಬರ್ಟ್ ವೆಸ್ಲಿ. ಮೇಲ್ನದಿಯ ಮೂಲನಿವಾಸಿಗಳಾದ ಗಿಟ್‌ಕ್ಸಾನ್ ಜನರವನು, ಬೂದಿಹಳ್ಳದ ಕಡೆಯವನು, ನನ್ನ ದೋಣಿಯಲ್ಲಿ ಆರು ಹಂಗಾಮು ಬಲೆ ಎಳೆದವನು. ಪೆಟ್ಟಿಗೆ ಬಂದ ಮೊದಲ ವರ್ಷವೇ, ನಾನು ಇಟ್ಟ ಮೀನನ್ನು ಅವನು ಎತ್ತಿ ತಿರುಗಿಸಿ ಇಟ್ಟ. ಅದು ಒದ್ದಾಡಿ ನಮ್ಮಿಬ್ಬರ ಮುಖಕ್ಕೂ ನೀರು ಎರಚಿತು. ನಾನು ಅವನ ಕೈಗೆ ಒಂದು ಬಿಟ್ಟೆ.

"ಏನೋ ಅದು? ಸುಮ್ನೆ ಮಲಗಿದ್ದನ್ನ ಎಬ್ಬಿಸ್ತೀಯಲ್ಲ!"

"ಮಲಗಿಲ್ಲ ಕ್ಯಾಪ್ಟನಮ್ಮ, ಸಾಯ್ತಾ ಇದೆ. ಉಸಿರು ಬಂದಿದ್ದಕ್ಕೇ ಒದೀತಾ ಇರೋದು."

"ಕಾಗದದಲ್ಲಿ ಬಾಣ ಐತೆ, ನೋಡಿಲ್ವಾ?"

"ಬಾಣ ನೀರಿಂದು. ಮೀನಿಂದಲ್ಲ."

"ಬಾಣಕ್ಕೆ ಮೂತಿ ಐತೆ, ಬಾಲ ಐತೆ, ಥೇಟ್ ಮೀನಿದ್ದಂಗೆ ಐತೆ. ಅಷ್ಟೂ ಗೊತ್ತಾಗಲ್ವೇನೋ ನಿಂಗೆ?"

"ಕೆಳಗೆ ಬರೆದಿರ್ತಾರೆ ನೋಡಿ. ಓದಿದ್ರಾ?"

"ಓದಿದೀನಿ!"

ಅವನು ನನ್ನ ಮುಖ ನೋಡಿದ. ಗೊತ್ತಾಗಿತ್ತು ಅವನಿಗೆ. ಗೊತ್ತಾದದ್ದೇ ನನಗೆ ತಡೆಯಲಾಗಲಿಲ್ಲ. "ನಿಮ್ಮೂರಲ್ಲಿ ಮೀನಿಗೆ ಪಾಠ ಹೇಳ್ಕೊಡು ಹೋಗು, ನನಗೆ ಬೇಡ" ಎಂದೆ. ಮರುದಿನ ಅವನು ತನ್ನ ರಬ್ಬರ್ ಬೂಟು ಕೈಯಲ್ಲಿ ಹಿಡಿದುಕೊಂಡು ಬಸ್ಸು ಹತ್ತಿದ. ಅವನು ಹೊಟ್ಟೆಕಿಚ್ಚಿನವನು, ಸೋಮಾರಿ ಎಂದು ನಾನು ಈ ಬಂದರಿನಲ್ಲಿ ಹೇಳಿಕೊಂಡು ತಿರುಗಿದೆ. ನೀವೂ ತಲೆಯಾಡಿಸಿದಿರಿ.

ನಮಗೆ ಸುಮ್ಮನಿರುವ ಮೀನು ಬೇಕಿತ್ತು. ಪೆಟ್ಟಿಗೆಯಲ್ಲಿ ಸುಮ್ಮನಿದ್ದರೆ ಗುಣವಾಗುತ್ತಿದೆ ಎಂದುಕೊಂಡೆವು. ಅರ್ಧ ಗಂಟೆ ಬಿಟ್ಟು ಬಾಲ ಹಿಡಿದು ನೀರಿಗೆ ಇಳಿಸಿದರೆ ಅದು ತಲೆ ಕೆಳಗಾಗಿ ಹೋಗುತ್ತಿತ್ತು. "ನೋಡು, ಹೆಂಗೆ ಮುಳುಗು ಹಾಕ್ತು!" ಎನ್ನುತ್ತಿದ್ದೆವು. ಬೇಸಿಗೆಯಲ್ಲಿ ನದಿ ಕೆಸರು, ಒಂದು ಮೊಳದ ಕೆಳಗೆ ಏನೂ ಕಾಣುವುದಿಲ್ಲ. ಕಾಣದಿದ್ದದ್ದು ಒಳ್ಳೆಯದೇ ಆಯಿತು, ಇಲಾಖೆಗೆ ಕೊಡುವ ಲೆಕ್ಕದ ಪುಸ್ತಕದಲ್ಲಿ ಎಲ್ಲರೂ 'ಜೀವಂತ' ಎಂದು ಬರೆದೆವು. ಆ 'ಜೀವಂತ'ಗಳನ್ನೆಲ್ಲ ಕೂಡಿಸಿ ಇಲಾಖೆಯವರು, ಪರವಾಗಿಲ್ಲ, ಬಲೆಯಿಂದ ಸ್ಟೀಲ್‌ಹೆಡ್‌ಗೆ ಹೆಚ್ಚು ತೊಂದರೆಯಿಲ್ಲ ಎಂದರು. ಹಾಗೆಂದೇ ಪ್ರತಿ ವರ್ಷ ಜುಲೈ ಕೊನೆಗೆ ಹಂಗಾಮು ತೆರೆದರು. ನಾವು ಬಲೆ ಇಳಿಸಿದೆವು. ಹನ್ನೊಂದು ವರ್ಷ.

ಹೋದ ಅಕ್ಟೋಬರಿನಲ್ಲಿ ನಾನು ಬೂದಿಹಳ್ಳಕ್ಕೆ ಹೋದೆ. ಹೊಗೆಯಲ್ಲಿ ಒಣಗಿಸಿದ ಮೀನು ತರಲು ಎಂದು ಕೇಳಿದವರಿಗೆ ಹೇಳಿದ್ದೆ. ನಿಜವಾಗಿ ಏಕೆ ಹೋದೆನೋ ನನಗೇ ಗೊತ್ತಿಲ್ಲ. ಡೆಲ್ಬರ್ಟ್ ಈಗ ಅಲ್ಲಿ ಹಳ್ಳಕ್ಕೆ ಅಡ್ಡ ಬೇಲಿ ಹಾಕಿ ಮೇಲೆ ಹೋಗುವ ಮೀನು ಎಣಿಸುತ್ತಾನೆ. ಕೂದಲೆಲ್ಲ ಬೆಳ್ಳಗಾಗಿದೆ. ನನ್ನನ್ನು ನೋಡಿ ಬಯ್ಯಲಿಲ್ಲ, ಎದ್ದು ಚಹಾ ಕೊಟ್ಟ. ಚಹಾ ಕೊಟ್ಟಿದ್ದೇ ಕಷ್ಟವಾಯಿತು.

"ಎಷ್ಟು ಬಂದ್ವೋ ಈ ವರ್ಷ?" ಎಂದೆ.

"ಸ್ಟೀಲ್‌ಹೆಡ್ಡಾ? ಏಳು."

"ದಿನಕ್ಕಾ?"

"ವರ್ಷಕ್ಕೆ."

ಅವನ ತಂದೆಯ ಕಾಲದಲ್ಲಿ ಇನ್ನೂರಕ್ಕೆ ಮೇಲೆ. ನಮ್ಮ ಪುಸ್ತಕದ ಪ್ರಕಾರ ಹೋದ ಬೇಸಿಗೆ ನಾವು ಜೀವಂತ ಬಿಟ್ಟದ್ದು ಮುನ್ನೂರ ಹನ್ನೆರಡು. ಎಲ್ಲವೂ ಬೂದಿಹಳ್ಳದವಲ್ಲ, ಒಪ್ಪಿದೆ, ಹತ್ತಾರು ಹಳ್ಳಗಳಿವೆ. ಆದರೆ ಅವನು ಬೇರೆ ಹಳ್ಳದವರನ್ನೂ ಕೇಳಿದ್ದಾನೆ. ಅಲ್ಲೂ ಹೀಗೇ. ಹಾಗಾದರೆ ನಾವು ಬಿಟ್ಟವು ಎಲ್ಲಿಗೆ ಹೋದವು?

ಬೇಲಿಯ ಪಕ್ಕದ ಮಡುವಿನಲ್ಲಿ ಎರಡು ಮೀನು ನಿಂತಿದ್ದವು. ಒಂದರ ಕತ್ತಿನ ಸುತ್ತ ದಾರದ ಗಾಯ, ಯಾರೋ ಸರ ಹಾಕಿ ಕಿತ್ತುಕೊಂಡ ಹಾಗೆ. ಎರಡೂ ಹರಿವಿಗೆ ಎದುರಾಗಿ ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದವು. ಡೆಲ್ಬರ್ಟ್ ಪೆಟ್ಟಿಗೆಯ ಮಾತೆತ್ತಲೇ ಇಲ್ಲ.

"ಇವಕ್ಕೂ ಶಾಲೆ ಇಲ್ಲ ಕ್ಯಾಪ್ಟನಮ್ಮ" ಎಂದ, ಅಷ್ಟೇ.

ನಾನು ಮನೆಗೆ ಬಂದು ನಕ್ಷೆ ಹುಡುಕಿದೆ. ಭೂತಗನ್ನಡಿ ಹಿಡಿದು, ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಓದಿದೆ. 'ನೀರಿನ ದಿಕ್ಕು' ಎಂದಿತ್ತು. ಎರಡೇ ಮಾತು.

ಈ ಚಳಿಗಾಲ ನಾನು ಹೊಸ ಬಣ್ಣದಲ್ಲಿ ಬಾಣಗಳನ್ನು ತಿರುಗಿಸಿ ಬರೆದುಬಿಡಬಹುದಿತ್ತು. ಏಕೆಂದು ಯಾರೂ ಕೇಳುತ್ತಿರಲಿಲ್ಲ. ಡಬ್ಬ ಕೂಡ ತಂದಿದ್ದೆ. ಆದರೆ ಮೀನನ್ನು ಸರಿಯಾಗಿ ತಿರುಗಿಸಿಟ್ಟರೆ ಎಲ್ಲವೂ ಬದುಕುತ್ತವೆಯೇ? ಗಂಟೆಗಟ್ಟಲೆ ಕತ್ತು ಬಿಗಿಸಿಕೊಂಡು ನೇತಾಡಿದ್ದು, ಕಿವಿರು ಹರಿದದ್ದು, ದೋಣಿಯ ಹಲಗೆಯ ಮೇಲೆ ಬಿದ್ದು ಬಡಿದುಕೊಂಡದ್ದು, ಅದಕ್ಕೆ ಯಾವ ಪೆಟ್ಟಿಗೆ? ಕೆಲವು ಬದುಕುತ್ತವೆ. ಏಳೇ ಉಳಿದಿರುವಲ್ಲಿ 'ಕೆಲವು' ಎಂದರೆ ಎಷ್ಟು? ಸರಿಯಾದ ಪೆಟ್ಟಿಗೆ ಸಿಕ್ಕಿತೆಂದು ನೀವು ಇನ್ನೂ ಹನ್ನೊಂದು ವರ್ಷ ನೆಮ್ಮದಿಯಿಂದ ಬಲೆ ಇಳಿಸುತ್ತೀರಿ. ನಿಮ್ಮನ್ನು ನಾನು ಬಲ್ಲೆ. ನನ್ನನ್ನೂ ಬಲ್ಲೆ.

ಈ ಸಭೆಗೆ ಬಾ ಎಂದು ಡೆಲ್ಬರ್ಟ್‌ಗೆ ಫೋನ್ ಮಾಡಿದ್ದೆ. "ಯಾತಕ್ಕೆ ಸನ್ಮಾನ? ಹಲಗೆ ಮೇಲೆ ಏನು ಬರ್ದವ್ರೆ, ಓದಿ" ಎಂದ. ಓದಿದೆ. "ಚೆನ್ನಾಗಿ ಓದ್ತೀರಲ್ಲ ಈಗ" ಎಂದು ಫೋನ್ ಇಟ್ಟ. ಅವನು ಬಂದಿಲ್ಲ. ನಾನಾಗಿದ್ದರೆ ನಾನೂ ಬರುತ್ತಿರಲಿಲ್ಲ.

ಈಗ ಮೇ ತಿಂಗಳು. ಆ ಏಳು ಮೀನು ಚಳಿಗಾಲವನ್ನು ಐಸಿನ ಕೆಳಗೆ ಕಳೆದು, ಈ ವಾರವೋ ಮುಂದಿನ ವಾರವೋ ಬೂದಿಹಳ್ಳದ ಸಣ್ಣ ಕಲ್ಲುಗಳ ನಡುವೆ ಮೊಟ್ಟೆಯಿಡಬೇಕು. ಏಳರಲ್ಲಿ ಹೆಣ್ಣೆಷ್ಟು, ಗಂಡೆಷ್ಟು, ಡೆಲ್ಬರ್ಟ್‌ಗೆ ಗೊತ್ತು. ಕೇಳುವ ಧೈರ್ಯ ನನಗಾಗಲಿಲ್ಲ. ಈ ವರ್ಷ ಹಳ್ಳ ಹತ್ತಬೇಕಾದವು ಇನ್ನೂ ಕಡಲಿನಲ್ಲಿವೆ, ಜುಲೈಗೆ ನಮ್ಮ ಬಾಗಿಲಿಗೆ ಬರುತ್ತವೆ. ಅವು ಎಷ್ಟಿವೆಯೋ ಯಾರಿಗೂ ತಿಳಿಯದು. ತಡವಾಗಿದೆ ಎಂದೇ ನನಗನಿಸುತ್ತದೆ. ಇಷ್ಟು ತಡವಾಗಿ ಮಾತಾಡುವವಳ ಮಾತಿಗೆ ಏನು ಬೆಲೆ ಎಂದು ನೀವು ಕೇಳಬಹುದು. ಕೇಳಿ.

ಸ್ಟೀಲ್‌ಹೆಡ್ ಬರುವ ಹೊತ್ತಿಗೆ ಮೂರು ವಾರ ಬಲೆ ಇಳಿಯದಿದ್ದರೆ ಈ ಸಭಾಂಗಣದಲ್ಲಿ ಯಾರ ಮನೆಯಲ್ಲಿ ಏನಾಗುತ್ತದೆ ಎಂದು ನನಗೆ ಗೊತ್ತು. ನನ್ನ ಮನೆಯಲ್ಲೂ ಅದೇ. ನಾಳೆಯಿಂದ ನನ್ನ ಜೊತೆ ಮಾತು ಬಿಡುವವರು ಬಿಡಿ. ಆದರೆ ಆ ಹನ್ನೊಂದು ವರ್ಷದ ಪುಸ್ತಕ ಸುಳ್ಳು ಎಂದು ಹೇಳದೆ ಈ ವೇದಿಕೆಯಿಂದ ಇಳಿಯುವುದಿಲ್ಲ ಎಂದುಕೊಂಡು ಬಂದಿದ್ದೆ. ಹೇಳಿದೆ.

ಶ್ರೀಮತಿ ಮ್ಯಾಕ್‌ಕ್ರೇ ಅವರೇ, ನನ್ನ ಪೆಟ್ಟಿಗೆಗಳಿಂದ ಬಿಟ್ಟ ಮೀನಿನ ಮುಂದೆ 'ಜೀವಂತ' ಎಂದು ಬರೆದದ್ದನ್ನೆಲ್ಲ ಹೊಡೆದುಹಾಕಿ. ಹೊಡೆದುಹಾಕಿದ ಮೇಲೆ ನಿಮ್ಮ ಲೆಕ್ಕ ಏನು ಹೇಳುತ್ತದೆ ನೋಡಿ. ಜುಲೈ ಇಪ್ಪತ್ತೈದರಿಂದ ಆಗಸ್ಟ್ ಹದಿನೈದರವರೆಗೆ ಈ ನದಿಮುಖದಲ್ಲಿ ಒಂದು ಕಿವಿರುಬಲೆಯೂ ಇಳಿಯಬಾರದು, ನನ್ನದೂ ಸೇರಿ. ಪರಿಶೀಲಿಸುತ್ತೇವೆ, ಸಮಿತಿ ಮಾಡುತ್ತೇವೆ ಎನ್ನಬೇಡಿ. ಆ ಮೂರು ವಾರ ಹಂಗಾಮು ಮುಚ್ಚುತ್ತೀರೋ ಇಲ್ಲವೋ, ಅಷ್ಟೇ ಹೇಳಿ.

ಇಷ್ಟು ಹೊತ್ತು ಕೂತು ಕೇಳಿದ್ದಕ್ಕೆ, ಎದ್ದು ಹೋದವರು ಬಾಗಿಲನ್ನು ಮೆಲ್ಲಗೆ ಹಾಕಿಕೊಂಡಿದ್ದಕ್ಕೆ ವಂದನೆ. ಎಲ್ಲರಿಗೂ ನಮಸ್ಕಾರ. ಉತ್ತರ ಜೂನ್ ಹದಿನೈದರೊಳಗೆ ಬರಬೇಕು.