ಕಾಂಪೌಂಡಿನ ಮೇಲಿದ್ದ ಡ್ಯಾಫೊಡಿಲ್ ಹೂವಿನ ಬಗ್ಗೆ

ಹೆಸರು ಸುನಂದಾ, ಲೇಟ್ ಗಂಗಾಧರಯ್ಯನವರ ಮಗಳು, 48 ವರ್ಷ, ಎಂ.ಎ., ಅತಿಥಿ ಉಪನ್ಯಾಸಕಿ, ವಾಸ ದಂಡಿನಶಿವರ, ತುರುವೇಕೆರೆ ತಾಲ್ಲೂಕು. ಠಾಣೆಗೆ ಹಾಜರಾಗಿ ನಾನು ತಿಳಿಸುವುದೇನೆಂದರೆ,

ದೇವರಿಗೆ ಕಿತ್ತ ಹೂವಿಗೆ ಕಳವಿಲ್ಲ ಎಂಬ ಸಾಲನ್ನು ಎಲ್ಲೋ ಓದಿದ್ದೆ. ಕಳವಿಲ್ಲ ಎಂದಿತ್ತೋ, ದೋಷವಿಲ್ಲ ಎಂದಿತ್ತೋ ನೆನಪಿಲ್ಲ. ಈ ದಿನ ಬೆಳಿಗ್ಗೆಯವರೆಗೆ ಅದು ನಿಜವೇ ಎಂದು ಕೇಳಿಕೊಂಡಿರಲಿಲ್ಲ.

ಹೂವಿನ ಗೆಡ್ಡೆ ಸಂಗ್ರಹಿಸುವವರೊಬ್ಬರು ಅಂಚೆಯಲ್ಲಿ ಕಳಿಸಿದ ಡ್ಯಾಫೊಡಿಲ್ ಗೆಡ್ಡೆಗಳನ್ನು ನಾಲ್ಕು ವರ್ಷದಿಂದ ಬೆಳೆಸುತ್ತಿದ್ದೇನೆ. ಇದು ಚಳಿ ದೇಶದ ಹೂವು. ಸಾಮಾನ್ಯ ಡ್ಯಾಫೊಡಿಲ್‌ಗೆ ನಡುವೆ ಬಟ್ಟಲಿರುತ್ತದೆ. ಈ ತಳಿಗೆ ಬಟ್ಟಲಿಲ್ಲ, ಸುತ್ತಿನ ಮೇಲೆ ಸುತ್ತು ಬಿಳಿ ಎಸಳು. ಮಳೆಗಾಲವಿಡೀ ಗೆಡ್ಡೆಯನ್ನು ಫ್ರಿಜ್ಜಿನಲ್ಲಿಟ್ಟು ನಂತರ ಕುಂಡಕ್ಕೆ ಹಾಕುತ್ತೇನೆ. ಪ್ರತಿ ವರ್ಷ ಮೊಗ್ಗು ಪೊರೆಯೊಳಗೇ ಒಣಗುತ್ತಿತ್ತು. ಈ ಸಲ, ಉಳಿದಿದ್ದ ಒಂದೇ ಗೆಡ್ಡೆಯ ಮೊಗ್ಗು ನಿಂತಿತು. ರಾತ್ರಿಯ ತಂಪು ತಗಲಲೆಂದು ಕುಂಡವನ್ನು ಬೀದಿ ಬದಿಯ ಕಾಂಪೌಂಡಿನ ಮೇಲಿಟ್ಟೆ.

ದಿನಾಂಕ 11-01-2025ರ ಸಂಜೆ 5 ಗಂಟೆಗೆ ಹೂ ಪೂರ್ತಿ ಅರಳಿತ್ತು. ತೋರಿಸೋಣವೆಂದು ಫೋನ್ ಎತ್ತಿಕೊಂಡೆ. ಯಾರಿಗೆ ಎಂದು ತೋಚದೆ ಕೆಳಗಿಟ್ಟೆ. ಕತ್ತಲಾಗುವವರೆಗೆ ಕುಂಡದ ಬಳಿ ಒಬ್ಬಳೇ ನಿಂತಿದ್ದೆ.

ಈ ದಿನ ಬೆಳಿಗ್ಗೆ 6-30ಕ್ಕೆ ನೋಡಲಾಗಿ ದಂಟು ಮಾತ್ರ ಇತ್ತು. 112ಕ್ಕೆ ಕರೆ ಮಾಡಿ ಕಳ್ಳತನವಾಗಿದೆ ಎಂದೆ. ಬಂದ ಹೆಡ್ ಕಾನ್‌ಸ್ಟೆಬಲ್ ತಿಪ್ಪಯ್ಯನವರು ಕಳುವಾದದ್ದೇನೆಂದು ಕೇಳಿದರು. ಹೂ ಎಂದೆ. ಅವರು ಬರೆಯುವುದನ್ನು ನಿಲ್ಲಿಸಿ, ಒಡವೆ ಏನೂ ಹೋಗಿಲ್ಲವೇ ಎಂದು ಮತ್ತೆ ಕೇಳಿದರು.

ಜೀಪು ಕಂಡು ಎದುರುಮನೆಯ ಶಿವರುದ್ರಮ್ಮನವರು, ಸುಮಾರು 70 ವರ್ಷ, ಬಂದು ತಾವೇ ಕಿತ್ತದ್ದಾಗಿ ಒಪ್ಪಿಕೊಂಡರು. ಸುತ್ತಿನ ನಂದಿಬಟ್ಟಲೆಂದು ತಿಳಿದಿದ್ದರಂತೆ. “ಮಾಲು ಶಿವನ ತಲೆ ಮೇಲೈತೆ ಕಣಪ್ಪ, ಹಿಡ್ಕಂಡೋಗಂಗಿದ್ರೆ ಅವನ್ನೇ ಹಿಡ್ಕಂಡೋಗು” ಎಂದು ತಿಪ್ಪಯ್ಯನವರಿಗೆ ಹೇಳಿದರು. ನಮ್ಮ ಬೀದಿಯಲ್ಲಿ ಬೆಳಗಿನ ಪೂಜೆಗೆ ಹೊರಗಿನಿಂದ ಕೈಗೆಟುಕುವ ಹೂವನ್ನು ಯಾರು ಬೇಕಾದರೂ ಕೀಳಬಹುದು. ಗೇಟು ದಾಟಬಾರದು, ಅಷ್ಟೆ. ಆಕೆ ದಾಟಿರಲಿಲ್ಲ. ಲಿಂಗಕ್ಕೆ ಏರಿಸಿದ ಹೂವನ್ನು ವಾಪಸು ಕೇಳುವ ಪದ್ಧತಿಯಿಲ್ಲ. ನಾನು ಕೇಳಲಿಲ್ಲ.

ಆಕೆಯ ಹೆಸರನ್ನು ಆರೋಪಿಯೆಂದು ಬರೆಯಬೇಕೇ ಎಂದು ತಿಪ್ಪಯ್ಯನವರು ಕೇಳಿದರು. ಬೇಡವೆಂದೆ. ದೂರು ಮುಂದುವರಿಸಲು ನನಗೆ ಇಷ್ಟವಿಲ್ಲ.

ಜೀಪು ಹೋದ ಮೇಲೂ ಶಿವರುದ್ರಮ್ಮನವರು ನನ್ನ ಬಾಗಿಲಲ್ಲೇ ನಿಂತಿದ್ದರು. ಆಗ ಅವರಂದದ್ದನ್ನೂ ದಾಖಲಿಸಬೇಕೆಂದು ಕೋರಿದ್ದೇನೆ: “ಒಂದು ಹೂವಿಗೆ ಪೊಲೀಸ್ನೋರ್ನ ಕರ್ಸಿದ್ಯಲ್ಲ ಕಣವ್ವ, ಅದು ಅರಳ್ದಾಗ ನನ್ನನ್ನೊಂದ್ಸಲ ಕೂಗಕ್ಕೇನಾಗಿತ್ತು?”

ಓದಿಸಿ ಕೇಳಿದೆ. ನಡೆದದ್ದು ಇಷ್ಟೇ, ಸತ್ಯ.

ಸ್ಥಳ: ದಂಡಿನಶಿವರ
ದಿನಾಂಕ: 12-01-2025
ಸಹಿ: ಸುನಂದಾ