ದೇವರಾಜುವಿನ ಮೂಲೆ

ಅರಕೆರೆಯಿಂದ ಶ್ರೀರಂಗಪಟ್ಟಣಕ್ಕೆ ಹೊರಟಿದ್ದ ಬಸ್ಸಿನಲ್ಲಿ ಹಿಂದಿನ ಸೀಟಿನವರ ಬಾಯಲ್ಲಿ ತನ್ನ ಮಗ ದೇವರಾಜುವಿನ ಹೆಸರು ಬಂದದ್ದೇ ತಡ, ಪಾರ್ವತಮ್ಮನ ಕಿವಿ ನೆಟ್ಟಗಾಯಿತು. ಕಬಡ್ಡಿ ತಂಡದ ಮ್ಯಾನೇಜರ್ ರಘುನಂದನನನ್ನು ಹಳೇ ಆಟಗಾರ ಚಿಕ್ಕಯ್ಯ ಚೆನ್ನಾಗಿ ವಿಚಾರಿಸಿಕೊಳ್ಳುತ್ತಿದ್ದ.

“ದೇವರಾಜುನ ಯಾಕ್ಲಾ ಟೀಮಿಂದ ತೆಗೆದ್ಬುಟ್ಟೆ?”

“ಅಂಕಿಅಂಶ ನೋಡಣ್ಣ. ಐದು ಮ್ಯಾಚಲ್ಲಿ ಅವನು ಇಡ್ದಿರೋದು ಇಬ್ಬರನ್ನ. ಆ ಕಡೆ ಮೂಲೇಲಿ ರಾಹುಲ್ ಇಪ್ಪತ್ತು ಜನನ ಇಡ್ದವ್ನೆ.”

“ಭಲೇ! ರಾಹುಲ್ ಕಡೆ ನುಗ್ಗಿದೋರು ಎಷ್ಟು ಜನ?”

“ಎಂಬತ್ತು.”

“ದೇವರಾಜು ಕಡೆ?”

“ಮೂರೇ. ಅವನ ಮೂಲೆ ಕಂಡ್ರೆ ಎಲ್ರೂ ಎದರ್ತಾರೆ ಕಣಣ್ಣ, ಅತ್ತಾಗೆ ಯಾರೂ ಓಗಕ್ಕಿಲ್ಲ.”

“ಎದರಿದ್ದನ್ನ ಎಲ್ಲಿ ಬರ್ದಿದ್ದೀಯ?”

“ಅದಕ್ಕೆ ಕಾಲಮ್ಮೇ ಇಲ್ವಲ್ಲ.”

ಪಾರ್ವತಮ್ಮ ಹಿಂದಕ್ಕೆ ತಿರುಗಿ ರಘುನಂದನನನ್ನು ದುರುಗುಟ್ಟಿ ನೋಡಿದಳು. ಅಷ್ಟರಲ್ಲಿ ಬಸ್ಸು ನಿಂತಿತು.

“ನಮ್ಮ ಸ್ಟಾಪು ಬಂತು, ಏಳಣ್ಣ.”

“ನಡಿ. ಮೊದ್ಲು ನಿನ್ನ ಕಬ್ಬಿನ ಗದ್ದೆ ಬೇಲಿ ಕಿತ್ತಾಕವ,” ಎಂದ ಚಿಕ್ಕಯ್ಯ, ಅವನ ಹಿಂದೆಯೇ ಇಳಿಯುತ್ತಾ. “ಆಕಿ ಆರು ವರ್ಸ ಆಯ್ತು, ಒಂದು ಕಾಡಂದೀನೂ ಇಡ್ದಿಲ್ಲ ಅದು!”